ಸೊಸೈಟಿ ಸಾಲದ ಜಾಮೀನುದಾರನ ಹೋಲಿಕೆ ಕೊಟ್ಟು ಯೇಸುವಿನ ಬಲಿಯನ್ನು ವಿವರಿಸಬಹುದೇ?

ತೀರ್ಥಹಳ್ಳಿ ಸಂಡೇಸ್ಕೂಲ್:
ಶುಭ ಶುಕ್ರವಾರಕ್ಕೆ ಮುಂಚೆ 13ರಿಂದ 15 ವಯಸ್ಸಿನ ಮಕ್ಕಳಿಗೆ ‘ದೇವರೊಂದಿಗೆ ಸಮಾಧಾನ’ದ, ಅಂದರೆ ಮುರಿದ ಸಂಬಂಧ ಮತ್ತೆ ಕೂಡುವುದರ ಪಾಠ ಮಾಡಬೇಕು. ಸಿಗುವುದು 40 ನಿಮಿಷ. ನಮ್ಮ ಕಡೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಸೊಸೈಟಿ ಸಾಲದ್ದು: ಕೊಳೆರೋಗದಿಂದ ಅಡಿಕೆ ಉದುರಿ ಸಾಲ ಕಟ್ಟಲಾಗಲಿಲ್ಲ, ಜಾಮೀನು ಹಾಕಿದವನು ಕಟ್ಟಿದ, ಆ ಜಾಮೀನುದಾರನೇ ಯೇಸು. ಮಕ್ಕಳು ಕೇಳುವುದು ಎರಡು: ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ ಅಂದರೆ ನ್ಯಾಯವಾ? ದೇವರು ಸುಮ್ಮನೆ ಕ್ಷಮಿಸಬಹುದಿತ್ತಲ್ಲ? ಏನು ಹೇಳಬೇಕು?

ತುಂಗಾತೀರ, ಶಿವಮೊಗ್ಗ:
ಮಕ್ಕಳು ಕೇಳಿದ್ದು ಸರಿಯಾಗಿಯೇ ಇದೆ ಮೇಡಂ, ಗದರಿಸಬೇಡಿ. ಒಬ್ಬನ ಪಾಪ ಇನ್ನೊಬ್ಬನ ತಲೆಗೆ ಬರುವುದಿಲ್ಲ ಅಂತ ಯೆಹೆಜ್ಕೇಲ 18:20 ಹೇಳುತ್ತದೆ. ಜನ ಚಿನ್ನದ ಬಸವನನ್ನು ಮಾಡಿ ಪೂಜಿಸಿದ ಪಾಪಕ್ಕೆ ದೇವರ ಪುಸ್ತಕದಿಂದ ತನ್ನ ಹೆಸರನ್ನೇ ಅಳಿಸಿಬಿಡು ಎಂದು ಮೋಶೆ ಬೇಡಿಕೊಂಡಾಗ ದೇವರು ಒಪ್ಪಲಿಲ್ಲ (ವಿಮೋಚನಕಾಂಡ 32:32–33). ಕೀರ್ತನೆ 49ರ 7ನೇ ವಚನದ ಪ್ರಕಾರ ಮನುಷ್ಯ ಮನುಷ್ಯನನ್ನು ಈಡು ಕೊಟ್ಟು ಬಿಡಿಸಲಾರ. ಅದೇ ಕೀರ್ತನೆಯ 15ನೇ ವಚನದಲ್ಲಿ ದೇವರೇ ಬಿಡಿಸುತ್ತಾನೆ. ಈ ಎರಡು ವಚನಗಳ ನಡುವೆಯೇ ಉತ್ತರ ಇದೆ.

ಜಾಮೀನಿನ ಹೋಲಿಕೆ ಕೆಡುವುದು ಇಲ್ಲೇ. ಅಲ್ಲಿ ಸೊಸೈಟಿ, ಸಾಲಗಾರ, ಜಾಮೀನುದಾರ ಅಂತ ಮೂರು ಜನ. ಮಕ್ಕಳ ಮನಸ್ಸಿನಲ್ಲಿ ತಂದೆ ಎಂದರೆ ವಸೂಲಿಗೆ ಬಂದವನು, ಯೇಸು ಎಂದರೆ ನಡುವೆ ಸಿಕ್ಕಿಬಿದ್ದ ಬಡಪಾಯಿ. ಅಪೊಸ್ತಲ ಪೌಲ ಬರೆದದ್ದು ಇದಕ್ಕೆ ತದ್ವಿರುದ್ಧ: ದೇವರೇ ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡ (2 ಕೊರಿಂಥ 5:19). ಅನ್ಯಾಯಕ್ಕೆ ಒಳಗಾದವನೇ ಎದ್ದು ಬಂದ. ಯೇಸು ತಂದೆಯ ಸಮಾನ ಸ್ವರೂಪದವನು ಎಂದು 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪರ ಮಹಾಸಭೆ ಪಟ್ಟು ಹಿಡಿದದ್ದು ಬರೀ ಪದಗಳ ಜಗಳವಲ್ಲ; ಯೇಸು ದೇವರಲ್ಲದಿದ್ದರೆ ಶಿಲುಬೆಯ ಮೇಲೆ ಸತ್ತವನು ಮೂರನೆಯವನೇ ಆಗುತ್ತಾನೆ, ಮಕ್ಕಳ ಆಕ್ಷೇಪ ಹಾಗೇ ಉಳಿಯುತ್ತದೆ. ಜೊತೆಗೆ ಯೋಹಾನ 10:18 ಓದಿಸಿ: ಪ್ರಾಣವನ್ನು ಯಾರೂ ಕಿತ್ತುಕೊಂಡಿಲ್ಲ, ಯೇಸುವೇ ಕೊಟ್ಟದ್ದು.

ಹೊಸನಗರದವ:
‘ಸುಮ್ಮನೆ ಕ್ಷಮಿಸುವುದು’ ಎಂಬುದಕ್ಕೆ ತೋಟದ ಉದಾಹರಣೆ ಕೊಡಿ. ಪಕ್ಕದವರ ದನ ಬೇಲಿ ಮುರಿದು ನುಗ್ಗಿ 20 ಅಡಿಕೆ ಸಸಿ ಮೇಯ್ದವು. ‘ಹೋಗಲಿ ಬಿಡಿ’ ಅಂದರೂ ಸಸಿ ಮತ್ತೆ ಚಿಗುರುವುದಿಲ್ಲ. ಪಕ್ಕದವರು ಕೊಡಬೇಕಿದ್ದದ್ದನ್ನು ತೋಟದವರೇ ನುಂಗಿಕೊಂಡರು, ಅಷ್ಟೇ. ನಷ್ಟ ಎಲ್ಲೂ ಮಾಯವಾಗಲಿಲ್ಲ, ಕ್ಷಮಿಸಿದವರ ಮೇಲೆ ಬಿತ್ತು. ಇಲ್ಲಿ ಇಬ್ಬರೇ ಇರುವುದರಿಂದ ತುಂಗಾತೀರದವರು ಹೇಳಿದ ತೊಂದರೆಯೂ ಇಲ್ಲ.

ಪಾಠ ಹೀಗೆ ಹಂಚಿಕೊಳ್ಳಬಹುದು: ಸಸಿಯ ಉದಾಹರಣೆಗೆ 10 ನಿಮಿಷ, ಆಮೇಲೆ ಫಿಲೆಮೋನನಿಗೆ ಬರೆದ ಪತ್ರಕ್ಕೆ 20. ಇಡೀ ಪತ್ರ 25 ವಚನ, ಮಕ್ಕಳೇ ಸರದಿಯಲ್ಲಿ ಜೋರಾಗಿ ಓದಲಿ. ಒನೇಸಿಮ ತನ್ನ ಯಜಮಾನ ಫಿಲೆಮೋನನಿಂದ ದೂರವಾದ ದಾಸ. ಅವನನ್ನು ವಾಪಸು ಕಳಿಸುವಾಗ 17ನೇ ವಚನದಲ್ಲಿ ಪೌಲ ‘ನನ್ನನ್ನೇ ಸೇರಿಸಿಕೊಂಡಂತೆ ಸೇರಿಸಿಕೋ’ ಅನ್ನುತ್ತಾನೆ, 18ರಲ್ಲಿ ‘ಸಾಲವಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ’ ಅನ್ನುತ್ತಾನೆ. ಬರೀ 18 ಇದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು, ಒನೇಸಿಮ ಹೊರಗೇ ನಿಂತಿರುತ್ತಿದ್ದ. ಸಾಲ ತೀರಿತು ಅಂತ ಯಾವ ಸೊಸೈಟಿಯೂ ಸಾಲಗಾರನನ್ನು ಮನೆಯೊಳಗೆ ಕರೆದು ಊಟಕ್ಕೆ ಕೂರಿಸುವುದಿಲ್ಲವಲ್ಲ! ಸಮಾಧಾನ ಅಂದರೆ 17ನೇ ವಚನ. ಕೊನೆಯ 10 ನಿಮಿಷ ಪ್ರಶ್ನೆಗಳಿಗೆ ಬಿಡಿ.

ತೀರ್ಥಹಳ್ಳಿ ಸಂಡೇಸ್ಕೂಲ್:
ಇಬ್ಬರಿಗೂ ವಂದನೆ. ಇನ್ನೊಂದು ಇದೆ. ಶಾಲೆಯಲ್ಲಿ ಗೆಳೆಯರು ‘ಯೇಸುವೂ ಒಂದು ಅವತಾರವಾ?’ ಅಂತ ಕೇಳುತ್ತಾರಂತೆ.

ತುಂಗಾತೀರ, ಶಿವಮೊಗ್ಗ:
ದೇವರು ಇಳಿದು ಬಂದ ಎನ್ನುವ ಮಟ್ಟಿಗೆ ಆ ಪದ ನೆರವಾಗುತ್ತದೆ, ನಾವೂ ‘ಮನುಷ್ಯಾವತಾರ’ ಅನ್ನುತ್ತೇವೆ. ಆದರೆ ಗೀತೆಯ ಮಾತು ‘ಯುಗೇ ಯುಗೇ’. ಇಬ್ರಿಯ 9:26ರ ಮಾತು ‘ಒಂದೇ ಸಾರಿ’. ಯೇಸು ಧರಿಸಿದ ಮನುಷ್ಯತ್ವ ಪುನರುತ್ಥಾನದ ನಂತರವೂ ಹಾಗೇ ಇದೆ, ಕೆಲಸ ಮುಗಿಯಿತೆಂದು ಕಳಚಿಟ್ಟದ್ದಲ್ಲ. ಗೆಳೆಯರ ನಂಬಿಕೆಯನ್ನು ಹಗುರ ಮಾಡದೆ ಇಷ್ಟು ಹೇಳಿದರೆ ಸಾಕು.

ಸಾಗರದ ಧರ್ಮೋಪದೇಶಕಿ:
ಎಲ್ಲರೂ ಬಿಟ್ಟ ಒಂದು ವಿಷಯ ಸೇರಿಸುತ್ತೇನೆ. ಯೇಸು ಎಲ್ಲ ತೀರಿಸಿದ ಮೇಲೆ ನಾವು ಏನೂ ಮಾಡಬೇಕಿಲ್ಲ ಅಂತ ಮಕ್ಕಳು ತಿಳಿಯಬಾರದು. ಅರಣ್ಯಕಾಂಡ 5:7ರಲ್ಲಿ ತಪ್ಪೊಪ್ಪಿಕೊಂಡು, ಪೂರ್ತಿ ನಷ್ಟ ತುಂಬಿ, ಮೇಲೆ ಐದನೆಯ ಒಂದು ಪಾಲು ಕೊಡಬೇಕು: 100 ಕೆಜಿ ಅಡಿಕೆ ಕದ್ದವನು 120 ಕೆಜಿ ಕೊಡಬೇಕು. ಸುಂಕ ವಸೂಲಿಯವನಾದ ಜಕ್ಕಾಯ ಮೋಸದಿಂದ ಕಿತ್ತುಕೊಂಡದ್ದಕ್ಕೆ ತಾನಾಗಿಯೇ ನಾಲ್ಕರಷ್ಟು ಕೊಡುತ್ತೇನೆಂದ. ಅದು ಕ್ಷಮೆಗೆ ಕೊಟ್ಟ ಬೆಲೆಯಲ್ಲ; ಯೇಸು ಅದಕ್ಕೆ ಮುಂಚೆಯೇ ಅವನ ಮನೆಗೆ ಹೋಗಿಯಾಗಿತ್ತು. ನಮ್ಮ ಕಥೋಲಿಕ ಪಾಪನಿವೇದನೆಯಲ್ಲೂ ಇದೇ ಕ್ರಮ: ಆತ್ಮಪರಿಶೀಲನೆ, ಪಶ್ಚಾತ್ತಾಪ, ಗುರುಗಳ ಮುಂದೆ ನಿವೇದನೆ, ಕ್ಷಮಾದಾನ, ಆಮೇಲೆ ಪ್ರಾಯಶ್ಚಿತ್ತದ ಕೆಲಸ. ಮಕ್ಕಳು ಎಡವುವುದು ಮೊದಲನೆಯದರಲ್ಲಿ. ಪಾಪಗಳ ಪಟ್ಟಿ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಪಟ್ಟಿ ಕೊಡುವ ಬದಲು, ಈ ವಾರ ಯಾರ ಜೊತೆ ಮಾತು ಬಿಟ್ಟಿದ್ದೀರಿ ಅಂತ ಕೇಳಿ, ಐದು ನಿಮಿಷ ಸುಮ್ಮನೆ ಕೂರಿಸಿ. ಮತ್ತಾಯ 5:23–24ರಂತೆ ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಬೇಕಾದದ್ದು ಅವರ ಹತ್ತಿರವೇ.