ಪೋರ್ಚುಗೀಸರಿಗಿಂತ ಮೊದಲು ಮಂಗಳೂರು–ಏಡನ್ ವ್ಯಾಪಾರ: ಆಧಾರಗಳಿವೆಯೇ?

ಪ್ರಶ್ನೆ (ಬಂದರು ನಿವಾಸಿ, ಮಂಗಳೂರು):
ನಮ್ಮ ಹಳೆಯ ಬಂದರಿನಿಂದ ಅರಬ್ ನಾಡುಗಳಿಗೆ ಕರಿಮೆಣಸು ಹೋಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಪೋರ್ಚುಗೀಸರು ಬರುವ ಮೊದಲೇ ಇಲ್ಲಿ ನೆಲೆಸಿದ್ದ ಅರಬ್ಬೀ ಭಾಷಿಕ ವರ್ತಕರ ಬಗ್ಗೆ ಲಿಖಿತ ಆಧಾರಗಳು ಉಳಿದಿವೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಇತಿಹಾಸಾಸಕ್ತ, ಕದ್ರಿ):
ಉಳಿದಿವೆ, ಅದೂ ವರ್ತಕರ ಸ್ವಂತ ಪತ್ರಗಳಾಗಿ. ಈಗಿನ ಟ್ಯುನೀಶಿಯದ ಮಹ್ದಿಯಾ ಪಟ್ಟಣದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದನು. 1149ರಲ್ಲಿ ಯೆಮನ್ ದೇಶದ ಬಂದರಾದ ಏಡನ್‌ಗೆ ಮರಳುವವರೆಗೆ ಬಹುಪಾಲು ನಮ್ಮ ಪಶ್ಚಿಮ ಕರಾವಳಿಯಲ್ಲೇ ಇದ್ದು, ಮೆಣಸು, ಅಡಿಕೆ, ಕಬ್ಬಿಣಗಳನ್ನು ಅಲ್ಲಿಗೆ ಕಳುಹಿಸುತ್ತಿದ್ದನು. ಲೋಹದ ಪಾತ್ರೆಗಳನ್ನು ತಯಾರಿಸುವ ಕಾರ್ಖಾನೆಯೂ ಅವನಿಗಿತ್ತು. ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದಗಳನ್ನು ಉಡುಗೊರೆಯಾಗಿ ಕಳುಹಿಸುತ್ತಿದ್ದರು. ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಕೈರೋದ ಯಹೂದಿ ಪ್ರಾರ್ಥನಾ ಮಂದಿರವಾದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಕೂಡಿಟ್ಟ ಕಾಗದಗಳ ರಾಶಿಯಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದ ಈ ಅರಬ್ಬೀ ಪತ್ರಗಳು ಉಳಿದುಕೊಂಡವು. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹರಿಸಿದ, ವಿದ್ವಾಂಸರು ಬೊಮ್ಮ ಎಂದು ಗುರುತಿಸಿರುವ ಗುಲಾಮನೊಬ್ಬನ ಉಲ್ಲೇಖವೂ ಅವುಗಳಲ್ಲಿದೆ. ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ, ಏಕೆಂದರೆ ಅಂಥವರ ಬಗ್ಗೆ ಅರಸರ ಶಾಸನಗಳು ಮಾತನಾಡುವುದು ತೀರ ಅಪರೂಪ.

ಉತ್ತರ (ಬಾರ್ಕೂರಿನವರು, ಉಡುಪಿ ಜಿಲ್ಲೆ):
ಹದಿನಾಲ್ಕನೆಯ ಶತಮಾನದಲ್ಲಿ ಮೊರೊಕ್ಕೋದ ಇಬ್ನ್ ಬತೂತ ನಮ್ಮ ಬಾರ್ಕೂರನ್ನೂ ಮಂಗಳೂರನ್ನೂ ಕಂಡು ಬರೆದಿದ್ದಾನೆ. ಪರ್ಷಿಯ ಮತ್ತು ಯೆಮನ್‌ನ ವರ್ತಕರು ಮಂಗಳೂರಿನಲ್ಲಿ ಇಳಿಯುತ್ತಿದ್ದರೆಂದೂ, ಮೆಣಸು ಮತ್ತು ಶುಂಠಿ ಅಲ್ಲಿ ಹೇರಳವಾಗಿದ್ದವೆಂದೂ ಅವನು ತಿಳಿಸುತ್ತಾನೆ.

ಉತ್ತರ (ಮಲ್ಪೆಯ ಓದುಗ):
ಗಾಳಿಯ ಕ್ರಮವನ್ನೂ ಇದಕ್ಕೆ ಸೇರಿಸಬೇಕು. ಮುಂಗಾರಿನ ಅಬ್ಬರ ಇಳಿಯುವ ಹೊತ್ತಿಗೆ ಏಡನ್‌ನಿಂದ ಹೊರಟ ಹಡಗುಗಳು ಇಲ್ಲಿ ಸರಕು ತುಂಬಿಕೊಂಡು, ಚಳಿಗಾಲದ ಈಶಾನ್ಯ ಗಾಳಿಯಲ್ಲಿ ಹಿಂದಿರುಗುತ್ತಿದ್ದವು.