ಸ್ಟಾಕ್ ಇದ್ರೂ "ಇನ್ನು 3 ಮಾತ್ರ ಉಳಿದಿದೆ" ಅಂತ ಹಾಕ್ಬೇಕಾ?

ಶಿರಸಿ_ಮಿಡಿ:
ನಮಸ್ಕಾರ ಎಲ್ರಿಗೂ. ನಾವು ಶಿರಸಿ ಹತ್ರ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರ್ತೀವಿ. ಅತ್ತೆ ಮತ್ತೆ ನಾನು, ಸೀಸನ್‌ನಲ್ಲಿ ಊರಿನ ಕೆಲವು ಹೆಂಗಸ್ರೂ ಕೈ ಹಾಕ್ತಾರೆ. ಮೊದ್ಲು ವಾಟ್ಸಾಪಲ್ಲೇ ಆರ್ಡರ್ ತಗೋತಿದ್ವಿ, ಈಗ ಒಂದು ವೆಬ್‌ಸೈಟ್ ಮಾಡ್ಸಿದೀವಿ. ಮಾಡಿಕೊಟ್ಟ ಹುಡುಗ ಪೇಜ್ ಮೇಲೆ ಕೆಂಪು ಟೈಮರ್ ಹಾಕೋಣ ಅಂತಿದಾನೆ, "ಆಫರ್ 14 ನಿಮಿಷದಲ್ಲಿ ಮುಗಿಯುತ್ತೆ" ಅಂತ, ಅದ್ರ ಕೆಳಗೆ "ಇನ್ನು 3 ಬಾಟಲಿ ಮಾತ್ರ", ಅದ್ರ ಕೆಳಗೆ "27 ಜನ ಈಗ ಇದನ್ನೇ ನೋಡ್ತಿದಾರೆ". ಭರಣಿ ತುಂಬ ಇದೆಯಲ್ಲಪ್ಪಾ ಮೂರು ಅಂತ ಯಾಕೆ ಹಾಕೋದು ಅಂದ್ರೆ, ಅದು ಹಂಗೇ ಅಕ್ಕ, ಸೈಟಿಗೆ ಸೇರಿಸೋ ಪ್ಲಗಿನ್ ಅನ್ನೋ ಸಣ್ಣ ಪ್ರೋಗ್ರಾಮೇ ನಂಬರ್ ಹಾಕುತ್ತೆ, ಸೇಲ್ಸ್ ಜಾಸ್ತಿ ಆಗುತ್ತೆ ಅಂತಾನೆ. ನನಗೆ ಮನಸ್ಸು ಒಪ್ತಿಲ್ಲ. ಆದ್ರೆ ವ್ಯಾಪಾರನೂ ಆಗ್ಬೇಕಲ್ಲ, ಕೊರಿಯರ್, ಗಾಜಿನ ಬಾಟಲಿ, ಪ್ಯಾಕಿಂಗ್ ಎಲ್ಲದರ ಖರ್ಚೂ ಇದೆ. ಆನ್‌ಲೈನಲ್ಲಿ ಮಾರೋರು, ಕೊಳ್ಳೋರು ಇಬ್ರೂ ಹೇಳಿ, ಇದೆಲ್ಲ ಇಲ್ದೆ ನಡೆಯಲ್ವಾ?

ಆಡ್ಸ್_ಮಾಡೋನು:
ಹಾಕಿ ಮೇಡಂ, ಯೋಚ್ನೆ ಮಾಡ್ಬೇಡಿ. ದೊಡ್ಡ ದೊಡ್ಡ ಸೈಟಲ್ಲೆಲ್ಲ ಇದೆ. ಜನ ಕಾರ್ಟಿಗೆ ಹಾಕಿ ಹಂಗೇ ಬಿಟ್ಟು ಹೋಗ್ತಾರೆ, ಸ್ವಲ್ಪ ಅವಸರ ಹುಟ್ಟಿಸ್ದೇ ಇದ್ರೆ ಪೇಮೆಂಟ್‌ವರೆಗೂ ಬರಲ್ಲ. ಉಪ್ಪಿನಕಾಯಿ ಚೆನ್ನಾಗಿದೆ ಅಲ್ವಾ, ಕೊಳ್ಳೋರಿಗೆ ನಷ್ಟ ಏನಿದೆ?

ಕೋಡ್_ಬರೆಯೋನು:
ನಷ್ಟ ಇದೆ ಸರ್. ತಗೊಳ್ಳೋದಾ ಬೇಡ್ವಾ, ಬೇರೆ ಕಡೆ ರೇಟ್ ಎಷ್ಟಿದೆ ಅಂತ ನೋಡೋ ಟೈಮ್ ಅವರದ್ದು, ಸುಳ್ಳು ಹೇಳಿ ಅದನ್ನ ಕಸ್ಕೊಳ್ತಿದೀರಿ.

ಶಿರಸಿ ಅಕ್ಕ, ನಾನು ಇ-ಕಾಮರ್ಸ್ ಸೈಟ್‌ಗಳ ಕೆಲಸಾನೇ ಮಾಡೋದು, ಆ ಟೈಮರ್ ಒಳಗೆ ಏನಿರುತ್ತೆ ಅಂತ ಹೇಳ್ತೀನಿ. ಅಲ್ಲಿ ಆಫರ್ ಅನ್ನೋದೇ ಇರಲ್ಲ. ನೀವು ಪೇಜ್ ಓಪನ್ ಮಾಡಿದ ಕ್ಷಣದಿಂದ 14 ನಿಮಿಷ ಎಣಿಸೋಕೆ ಶುರು ಮಾಡುತ್ತೆ, ಆ ಲೆಕ್ಕ ನಿಮ್ಮ ಬ್ರೌಸರಲ್ಲೇ ಕೂತಿರುತ್ತೆ, ಸೊನ್ನೆಗೆ ಬಂದ್ಮೇಲೆ ಮತ್ತೆ ಮೊದ್ಲಿಂದ, ಬೆಲೆ ಮಾತ್ರ ಅದೇ. "27 ಜನ ನೋಡ್ತಿದಾರೆ" ಅನ್ನೋದು ಎಷ್ಟೋ ಪ್ಲಗಿನ್‌ಗಳಲ್ಲಿ ಇಂತಿಷ್ಟರಿಂದ ಇಂತಿಷ್ಟರ ಒಳಗೆ ಯಾವ್ದೋ ಒಂದು ನಂಬರ್ ಹೆಕ್ಕಿ ತೋರ್ಸು ಅಂತ ಬರೆದಿರೋ ಒಂದೇ ಸಾಲು, ರಾತ್ರಿ ಮೂರು ಗಂಟೆಗೆ ನೋಡಿದ್ರೂ ಅಷ್ಟೇ ಜನ ಇರ್ತಾರೆ. 2019ರಲ್ಲಿ ಪ್ರಿನ್ಸ್‌ಟನ್ ಯೂನಿವರ್ಸಿಟಿ ಸಂಶೋಧಕರು ಸುಮಾರು 11 ಸಾವಿರ ಶಾಪಿಂಗ್ ವೆಬ್‌ಸೈಟ್‌ಗಳನ್ನ ಜಾಲಾಡಿಸಿದ್ರು, ಮುಗಿದ್ರೂ ಆಫರ್ ಮುಗಿಯದ ಟೈಮರು, ಕೋಡೇ ಹುಟ್ಟಿಸಿದ ಸ್ಟಾಕ್ ನಂಬರು ಎಲ್ಲಾ ಅದ್ರಲ್ಲಿ ಸಿಕ್ಕಿತ್ತು.

ಕೊಳ್ಳೋರು ಸುಲಭವಾಗಿ ಚೆಕ್ ಮಾಡ್ಬಹುದು. ಅದೇ ಲಿಂಕನ್ನ ಇನ್‌ಕಾಗ್ನಿಟೋದಲ್ಲೋ ಇನ್ನೊಂದು ಫೋನಲ್ಲೋ ತೆಗೀರಿ, ಟೈಮರ್ ಮತ್ತೆ ಮೊದ್ಲಿಂದ ಶುರುವಾದ್ರೆ ಸುಳ್ಳು. "3 ಮಾತ್ರ" ಅಂದಿದ್ರೆ ಕಾರ್ಟಿಗೆ ಹತ್ತು ಹಾಕಿ, ಸುಮ್ನೆ ತಗೊಂಡ್ರೆ ಹೆಚ್ಚಾಗಿ ಅದೂ ಸುಳ್ಳೇ. ಈಗ ಕಾಲೇಜ್ ಹುಡುಗ್ರಿಗೆಲ್ಲ ಇದು ಗೊತ್ತು. ಸ್ಟಾಕ್ ವಿಷಯದಲ್ಲಿ ಸುಳ್ಳು ಹೇಳಿದೋರು "ಪ್ರಿಸರ್ವೇಟಿವ್ ಹಾಕಿಲ್ಲ" ಅಂದ್ರೆ ಯಾರು ನಂಬ್ತಾರೆ ಅಕ್ಕ?

ವಕೀಲೆ_ಮೈಸೂರು:
ಕಾನೂನಿನ ವಿಷಯ ಯಾರೂ ಹೇಳ್ಲಿಲ್ಲ, ನಾನು ಹೇಳ್ಬಿಡ್ತೀನಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ಕ್ಕೆ ಡಾರ್ಕ್ ಪ್ಯಾಟರ್ನ್, ಅಂದ್ರೆ ಕೊಳ್ಳೋರನ್ನ ಯಾಮಾರಿಸೋ ಹಾಗೆ ಸೈಟ್ ಮಾಡೋದ್ರ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದ್ರಲ್ಲಿ 13 ಥರದ ಮೋಸ ಪಟ್ಟಿ ಮಾಡಿದಾರೆ, ಮೊದಲನೆಯದೇ ಸುಳ್ಳು ಅವಸರ. ಇರೋದಕ್ಕಿಂತ ಕಮ್ಮಿ ಸ್ಟಾಕ್ ಇದೆ ಅನ್ನೋದು, ಇಲ್ದಿರೋ ಬೇಡಿಕೆ ತೋರಿಸೋದು ಎರಡೂ ಅದ್ರಲ್ಲೇ ಬರುತ್ತೆ. "ಎರಡೇ ರೂಮ್ ಉಳಿದಿದೆ, ಇನ್ನೂ 30 ಜನ ನೋಡ್ತಿದಾರೆ" ಅನ್ನೋ ಥರದ ಉದಾಹರಣೆನೇ ಅಲ್ಲಿ ಕೊಟ್ಟಿದಾರೆ, ನಿಮ್ಮ ಹುಡುಗ ಹಾಕ್ತೀನಿ ಅಂತಿರೋದೂ ಅದೇ. ಇದು ಪ್ಲಾಟ್‌ಫಾರ್ಮ್‌ಗೆ ಮಾತ್ರ ಅಲ್ಲ, ಜಾಹೀರಾತು ಕೊಡೋರಿಗೂ ಮಾರೋರಿಗೂ ಅನ್ವಯಿಸುತ್ತೆ, ನಾವು ಚಿಕ್ಕೋರು ಅಂತ ವಿನಾಯ್ತಿ ಇಲ್ಲ. ದಾರಿ ತಪ್ಪಿಸೋ ಜಾಹೀರಾತು ಅಂತ ಸಾಬೀತಾದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕ್ಬಹುದು, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ. ಕೊಳ್ಳೋರು 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಕೊಡ್ಬಹುದು, ಕೊಡೋಕಿಂತ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಇಳಕಲ್_ಮಗ್ಗ:
ಅಕ್ಕಾರ, ನಮ್ದು ಸೀರಿ ವ್ಯಾಪಾರ ರೀ. ಈ ಸುಳ್ಳಿನಿಂದ ಹೊಡ್ತ ಬೀಳೂದು ಖರೇ ಹೇಳವ್ರಿಗೆ. ಕೈಮಗ್ಗದಾಗ ಒಂದು ಬಣ್ಣದ ಹಾಸು (ಮಗ್ಗಕ್ಕ ಉದ್ದಕ ಹೂಡೂ ನೂಲು) ಮುಗೀತಂದ್ರ ಅದ ಬಣ್ಣ, ಅದ ದಡಿ ಮತ್ತ ಬೇಕಂದ್ರ ಹೊಸಾ ಹಾಸು ಹೂಡ್ಬೇಕು, ಸೆರಗಿನ ನೂಲು ಒಂದೊಂದು ಎಳಿ ಕೊಂಡಿ ಹಾಕಿ ಮೈ ನೂಲಿಗೆ ಕೂಡಿಸ್ಬೇಕು. ಅದಕ್ಕ ನಾವು "ಈ ಬಣ್ಣದಾಗ ಎರಡ ಅದಾವ್ರಿ" ಅಂದ್ರ ಖರೇನ ಎರಡ ಇರ್ತಾವ. ಆದ್ರ ಗಿರಾಕಿ ಈಗ ನಂಬೂದಿಲ್ರಿ, ಪವರ್‌ಲೂಮಿನ ಸೀರಿ ರಾಶಿಗಟ್ಟಲೆ ಇಟಗೊಂಡು ವರ್ಷಪೂರ್ತಿ "ಕಡೀ ಪೀಸ್, ಕಡೀ ಪೀಸ್" ಅಂತ ರೀಲ್ ಹಾಕವ್ರನ್ನ ನೋಡಿ ನೋಡಿ ನಮ್ಮನ್ನೂ ಅದ ಸಾಲಿನ್ಯಾಗ ನಿಂದ್ರಸ್ತಾರ. ನೇಕಾರಗ ಇದ್ರಂಥಾ ಸಂಕಟ ಬ್ಯಾರೆ ಇಲ್ರಿ.

ಮತ್ತ ನಿಮ್ಮ ಮಿಡಿ ಬೇಕಂದಾಗ ಸಿಗೂದೇನ್ರಿ? ಅದೂ ಹಂಗಾಮಿನ ಮಾಲ. ಇರೂ ಖರೇ ಸಂಗತಿ ಬಿಟ್ಟು ಸುಳ್ಳು ಯಾಕ ಹೇಳ್ತೀರಿ?

ಶಿರಸಿ_ಮಿಡಿ:
ಇಳಕಲ್ ಅಣ್ಣ ಹೇಳಿದ್ದು ಸರಿಯಾಗಿ ನಾಟ್ತು. ಮಿಡಿ ಸಿಗೋದು ಬೇಸಿಗೆ ಶುರುವಲ್ಲಿ ಕೆಲವೇ ವಾರ, ಹೊಳೆ ದಂಡೆ ಮರಗಳು, ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಬಿಡಲ್ಲ, ಹೂ ಬಿಟ್ಟಾಗ ಮಳೆ ಬಂದ್ರಂತೂ ಮುಗೀತು. ಮರ ಹತ್ತಿ ತೊಟ್ಟಿನ ಸಮೇತ ಕೊಯ್ದು ನೆಲಕ್ಕೆ ಬೀಳದ ಹಾಗೆ ಇಳಿಸ್ಬೇಕು, ಪೆಟ್ಟು ಬಿದ್ದ ಮಿಡಿ ಭರಣಿಲಿ ಮೆತ್ತಗಾಗುತ್ತೆ, ಸೊನೆ ಹೋದ್ರೆ ಪರಿಮಳನೇ ಇರಲ್ಲ. ಹಂಗೆ ಹತ್ತೋರೂ ಈಗ ಕಮ್ಮಿ ಆಗಿದಾರೆ. ಇಷ್ಟೆಲ್ಲ ಇರುವಾಗ 14 ನಿಮಿಷದ ಟೈಮರ್ ಯಾಕೆ ಬೇಕು ನಮಗೆ. ಹುಡುಗನಿಗೆ ತೆಗಿ ಅಂದಿದೀನಿ. ಅದ್ರ ಬದ್ಲು ಹಿಂಗೆ ಬರೆಯೋಣ ಅಂತ: "ಈ ವರ್ಷದ ಮಿಡಿ ಉಪ್ಪಿಗೆ ಹಾಕಿ ಆಗಿದೆ. ಇದು ಖಾಲಿಯಾದ್ರೆ ಮುಂದಿನ ಕೊಯ್ಲಿನ ತನಕ ಇಲ್ಲ. ಸದ್ಯಕ್ಕೆ ಬೇಕಾದಷ್ಟಿದೆ, ನಿಧಾನವಾಗಿ ನೋಡಿ ತಗೊಳ್ಳಿ." ಅತ್ತೆಗೆ ಓದಿ ಹೇಳ್ದೆ, ಕೊನೇ ಸಾಲು ಇರ್ಲೇಬೇಕು ಅಂದ್ರು.

ಒಂದು ಡೌಟ್, ಜೀರಿಗೆ ಪರಿಮಳ ಬರೋ ಜೀರಿಗೆ ಮಿಡಿ ಮಾತ್ರ ನಿಜವಾಗ್ಲೂ ಸ್ವಲ್ಪನೇ ಇರೋದು. ಅದ್ರ ನಂಬರ್ ತೋರಿಸ್ಬಹುದಾ? ಮುಂದಿನ ವರ್ಷದ್ದಕ್ಕೆ ಈಗ್ಲೇ ದುಡ್ಡು ತಗೋಬಹುದಾ?

ಕೋಡ್_ಬರೆಯೋನು:
ತೋರಿಸ್ಬಹುದು ಅಕ್ಕ, ಧಾರಾಳವಾಗಿ. ಆ ಪ್ಲಗಿನ್ ಮಾತ್ರ ಕಿತ್ತು ಹಾಕ್ಸಿ, ಸೈಟ್‌ನ ಇನ್ವೆಂಟರಿಯಲ್ಲಿ ತುಂಬಿಸಿಟ್ಟ ಬಾಟಲಿ ಲೆಕ್ಕ ಹಾಕಿ, ಆರ್ಡರ್ ಬಂದ ಹಾಗೆ ಅದೇ ಕಮ್ಮಿ ಆಗ್ಲಿ, ವಾಟ್ಸಾಪಲ್ಲಿ ಮಾರಿದ್ದನ್ನೂ ಅವತ್ತವತ್ತೇ ಕಳೀರಿ, ಇಲ್ಲಾಂದ್ರೆ ಅದೂ ಸುಳ್ಳು ನಂಬರೇ ಆಗುತ್ತೆ. ಮುಂದಿನ ವರ್ಷದ್ದಕ್ಕೆ ಈಗ ದುಡ್ಡು ಬೇಡ, ಮರ ಬಿಡುತ್ತೋ ಇಲ್ವೋ ನಿಮಗೇ ಗೊತ್ತಿಲ್ಲ. ಫೋನ್ ನಂಬರ್ ಮಾತ್ರ ತಗೊಂಡಿರಿ, ಉಪ್ಪಿಗೆ ಹಾಕಿದ್ಮೇಲೆ ಮೆಸೇಜ್ ಮಾಡಿ. ಆ ಲಿಸ್ಟಿಗೆ ನನ್ನ ಹೆಸರೂ ಸೇರಿಸ್ಕೊಳ್ಳಿ, ಎರಡು ಬಾಟಲಿ ಬೇಕು.