ಮಕ್ಕಳಾಗದ ಆಪರೇಷನ್ ಆದಮೇಲೂ ಗರ್ಭ: ಡಾಕ್ಟರ್ ಹೊಣೆಯಾ?

ಬೇಲೂರು ರಸ್ತೆ (ಪ್ರಶ್ನೆ ಕೇಳಿದವರು): ಹಾಸನ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಟ್ಯೂಬೆಕ್ಟಮಿ (ಗರ್ಭನಾಳ ಕಟ್ಟುವ ಆಪರೇಷನ್) ಆದವರು ಮತ್ತೆ ಬಸುರಿಯಾದರೆ ಪರಿಹಾರ ಎಲ್ಲಿ ಕೇಳಬೇಕು? ಗ್ರಾಹಕರ ಆಯೋಗ ನಡೆಯುತ್ತಾ?

ಕರಿಕೋಟು: ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಬರಲ್ಲ, 1995ರ ಸುಪ್ರೀಂ ಕೋರ್ಟ್ ತೀರ್ಪಿದೆ. ದಾವೆ ಹಾಕೋಕೆ ಸಿವಿಲ್ ಕೋರ್ಟೇ ದಾರಿ. ಸರ್ಕಾರಕ್ಕೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 80ರ ನೋಟಿಸ್, ಎರಡು ತಿಂಗಳು ಕಾಯಬೇಕು. ಖಾಸಗಿ ಆಸ್ಪತ್ರೆಯಾದರೆ ಗ್ರಾಹಕರ ಆಯೋಗ, 2 ವರ್ಷದೊಳಗೆ.

ಗರ್ಭ ನಿಂತಿದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ. ಸರಿಯಾಗಿ ಮಾಡಿದರೂ ನಾಳ ಮತ್ತೆ ಕೂಡಿಕೊಳ್ಳಬಹುದು ಎಂದು 2005ರ ಪಂಜಾಬ್ ಪ್ರಕರಣದಲ್ಲಿ ದಾವೆ ವಜಾ ಆಯ್ತು. 2000ದ ಹರಿಯಾಣ ಪ್ರಕರಣ ಗೆದ್ದಿದ್ದು ಯಾಕೆ? ಬಲಗಡೆ ನಾಳ ಮಾತ್ರ ಕಟ್ಟಿ, ಎಡಗಡೆಯದನ್ನು ಹಾಗೇ ಬಿಟ್ಟಿದ್ದರು. ಹಾಗಾಗಿ ಕೇಸ್‌ಶೀಟ್, ಆಪರೇಷನ್ ಟಿಪ್ಪಣಿ ಮೊದಲು ಕೈಗೆ ಬರಲಿ. ಕೊಡದಿದ್ದರೆ ಆರ್‌ಟಿಐ ಹಾಕಿ.

ಮಲ್ನಾಡ್ ನರ್ಸ್: ಕೋರ್ಟಿಗಿಂತ ಮುಂಚೆ ಸ್ಕ್ಯಾನ್! ಟ್ಯೂಬೆಕ್ಟಮಿ ನಂತರದ ಗರ್ಭ ನಾಳದಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು, ನಾಳ ಒಡೆದರೆ ಜೀವಕ್ಕೇ ಅಪಾಯ. ಗರ್ಭ ಬೇಡವಾದರೆ 20 ವಾರದವರೆಗೆ ಎಂಟಿಪಿ (ಗರ್ಭಪಾತ) ಕಾಯ್ದೆ ಆಪರೇಷನ್ ವಿಫಲವಾದ ಈ ಕಾರಣವನ್ನು ಒಪ್ಪುತ್ತೆ.

ಕರಿಕೋಟು: ಹೌದು. ಕೋರ್ಟ್ ಅಲ್ಲದೆ ಸರ್ಕಾರದ ಕುಟುಂಬ ಯೋಜನೆ ಪರಿಹಾರವೂ ಇದೆ; ಅದರ ಅರ್ಜಿಯನ್ನು ವಿಫಲತೆ ಗೊತ್ತಾದ 90 ದಿನದೊಳಗೆ ಜಿಲ್ಲಾ ಆರೋಗ್ಯ ಕಚೇರಿಗೆ ಕೊಡಿ. ಒಪ್ಪಿಗೆ ಪತ್ರದಲ್ಲಿ ಆ ಹಣವೇ ಅಂತಿಮ ಎಂಬ ಸಾಲು ಇರುತ್ತೆ, ಓದಿ ನೋಡಿ.